ಹನ್ನೊಂದು ಸಾಕ್ಷಿಗಾಜುಗಳು

ಒಂಬತ್ತನೆಯ ಕಂತು

ಸರಪಳಿಯಮ್ಮ ಹೆಬ್ಬೆರಳಿನ ಉಗುರನ್ನು ಗಾಜಿನ ತುದಿಗೆ ಒತ್ತಿದಳು. ಉಗುರು ಒಳಗಿಳಿಯಿತು.

ಇಳಿಯಬಾರದಿತ್ತು. ಆ ಗಾಜಿನ ಎರಡೂ ತುದಿಗಳು ಸಿಮೆಂಟಿನಲ್ಲಿ ಕೂತಿರಬೇಕು; ಸಿಮೆಂಟಿಗೆ ಉಗುರು ಇಳಿಸುವ ಶಕ್ತಿ ಅವಳ ಅರವತ್ತೊಂದು ವರ್ಷದ ಹೆಬ್ಬೆರಳಿಗೆ ಇರಲಿಲ್ಲ. ಮೇಲಿದ್ದ ಬಿಳಿಯ ತೆಳು ಪದರ ಮೊಟ್ಟೆಯ ಸಿಪ್ಪೆಯಂತೆ ಬಿರಿದು, ಕೆಳಗಿನಿಂದ ಮೆತ್ತನೆಯದೇನೋ ಇಣುಕಿತು. ಒತ್ತಿದರೆ ತಗ್ಗಿತು, ಬಿಟ್ಟರೆ ಎದ್ದು ಬಂತು. ಅವಳು ಮತ್ತೊಮ್ಮೆ ಒತ್ತಿ ನೋಡಿದಳು. ಮತ್ತೆ ಹಾಗೆಯೇ ಆಯಿತು.

ಆ ಗಾಜನ್ನು ಗೋಡೆಗೆ ಕೂರಿಸಿದ ಗಾರೆ ಮೇಸ್ತ್ರಿ, ಪಕ್ಕದ ಹೋಟೆಲಿನವರು ತೋಡಿದ ಹಳ್ಳದ ತಳದಲ್ಲಿ ಹೆಣವಾಗಿ ಸಿಕ್ಕಿ ಅಂದಿಗೆ ಎಂಟು ದಿನ. ಕಾಲು ಜಾರಿ ಬಿದ್ದ ಎಂದು ಪೊಲೀಸರು ಬರೆದು ಮುಗಿಸಿದ್ದರು, ಅಲ್ಲ ಎಂದು ಅವನ ತಂಗಿ ಟೈಲರಕ್ಕ ಸರಪಳಿಯಮ್ಮನ ಬಾಗಿಲು ತಟ್ಟಿದ್ದಳು.

ಸರಪಳಿಯಮ್ಮ ಈಗ ನಿಂತಿದ್ದದ್ದು ಆ ಟೈಲರಕ್ಕನ ಹಿಂದಿನ ಕೋಣೆಯಲ್ಲೇ. ಟೈಲರಕ್ಕ ಕಿಟಕಿಯ ಬಳಿ ಕೂತು ಶಾಲೆಯ ಅಂಗಿಗಳ ತೋಳು ಹೊಲಿಯುತ್ತಿದ್ದಳು. ಅಣ್ಣ ಸತ್ತ ಮೂರನೆಯ ದಿನವೇ ಅವಳು ಮಿಷನ್ನಿಗೆ ಕೂತಿದ್ದಳು. ಬೀದಿಯ ಒಂದಿಬ್ಬರು ಅದಕ್ಕೂ ಬಾಯಿ ಮಾಡಿದ್ದರು. ಅಳುವುದಕ್ಕೂ ಒಂದು ಪುರುಸೊತ್ತು ಬೇಕು ಎಂಬುದು ಅಂಥವರಿಗೆ ತಿಳಿಯುವುದಿಲ್ಲ.

ಸರಪಳಿಯಮ್ಮನಿಗೆ ಆ ಹೆಸರು ಬಂದದ್ದು ಕೆಲಸದಿಂದ. ಮೂವತ್ತು ವರ್ಷ ಸರ್ವೆ ಇಲಾಖೆಯಲ್ಲಿ ಸರಪಳಿ ಎಳೆದು ಜನರ ನೆಲ ಅಳೆದವಳು, ನಿವೃತ್ತಿಯಾದ ಮೇಲೆ ಜನರ ಮಾತು ಅಳೆಯತೊಡಗಿದ್ದಳು. ಕಳೆದುಹೋದ ಒಡವೆ, ಕದ್ದ ಪತ್ರ, ಓಡಿಹೋದ ಗಂಡ, ಹೀಗೆ ಏನಾದರೊಂದು ಹುಡುಕಿಕೊಡುವುದು. ನೆಲವೇ ವಾಸಿಯಾಗಿತ್ತು ಎಂದು ಅವಳಿಗೆ ಬಹಳ ಸಲ ಅನ್ನಿಸಿದೆ. ನೆಲ ಸುಳ್ಳು ಹೇಳುವುದಿಲ್ಲ.

ಅದೇ ನೆಲ ಈಗ ಸರಿಯುತ್ತಿತ್ತು. ಐದು ಅಂತಸ್ತಿನ ಹೋಟೆಲ್ ಹನ್ನೆರಡಕ್ಕೆ ಏರಬೇಕು, ಕಾರು ನಿಲ್ಲಿಸಲು ಎರಡು ಅಂತಸ್ತು ನೆಲದೊಳಗೆ ಇಳಿಯಬೇಕು, ಅದಕ್ಕಾಗಿ ಹನ್ನೊಂದು ಮನೆಗಳ ಈ ಬೀದಿ ವಸತಿ ವಲಯ ಹೋಗಿ ವಾಣಿಜ್ಯ ವಲಯವಾಗಬೇಕು. ಅರ್ಜಿ ಇನ್ನೂ ನಗರಸಭೆಯಲ್ಲಿತ್ತು. ಹಳ್ಳ ಮಾತ್ರ ಆಗಲೇ ಮೂರಾಳು ಆಳ ಇಳಿದಿತ್ತು. ಕೇಳಿದರೆ ಮಣ್ಣಿನ ಪರೀಕ್ಷೆ ಎಂದಿದ್ದರು.

ಹಳ್ಳ ಶುರುವಾದ ತಿಂಗಳಿಗೇ ಮನೆಗಳ ಹಿಂದಿನ ಗೋಡೆಗಳು ಬಿರುಕುಬಿಟ್ಟವು. ಬಿರುಕು ಹಳೆಯದು ಎಂದು ಹೋಟೆಲಿನವರು, ಹೊಸದು ಎಂದು ಬೀದಿಯವರು. ಆಗ ಮೇಸ್ತ್ರಿಯೇ ಒಂದು ಉಪಾಯ ಹೇಳಿದ್ದ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗೇಣು ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಯನ್ನು ಸಿಮೆಂಟಿನಲ್ಲಿ ಕಚ್ಚಿಸಿಬಿಡುವುದು. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಟಪ್ಪನೆ ಒಡೆಯುತ್ತದೆ. ಹಳೆಯ ಕೆಲಸಗಾರರು ಅದನ್ನು ಸಾಕ್ಷಿಗಾಜು ಎನ್ನುತ್ತಾರೆ. ಅವನು ಒಂದೇ ದಿನದಲ್ಲಿ ಹನ್ನೊಂದು ಮನೆಗೂ ಹನ್ನೊಂದು ಗಾಜು ಕೂರಿಸಿ, ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ದಿನಾಂಕ ಕೊರೆದು, ಕೆಳಗೆ ತನ್ನ ಹೆಬ್ಬೆರಳು ಒತ್ತಿದ್ದ. ಅವನಿಗೆ ಅಂಕಿ ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ಹೆಬ್ಬೆರಳೇ ಅವನ ಸಹಿ.

ಅದಾಗಿ ನಾಲ್ಕು ತಿಂಗಳು. ಒಂದು ಗಾಜೂ ಒಡೆದ ಸುದ್ದಿ ಇರಲಿಲ್ಲ. ಹೋಟೆಲಿನ ಇಂಜಿನಿಯರ್ ಹದಿನೈದು ದಿನಕ್ಕೊಮ್ಮೆ ನಗುನಗುತ್ತಾ ಬಂದು ಪ್ರತಿ ಗಾಜಿನ ಫೋಟೋ ತೆಗೆದುಕೊಂಡು ಹೋಗುತ್ತಿದ್ದ. ನಾಳೆ ಹನ್ನೊಂದು ಗಂಟೆಗೆ ನಗರಸಭೆಯಲ್ಲಿ ವಿಚಾರಣೆ. ಬೀದಿಯವರೇ ಕೂರಿಸಿದ ಸಾಕ್ಷಿ ಬೀದಿಯವರ ವಿರುದ್ಧವೇ ಹೇಳಲಿತ್ತು.

ಹಾಗಾದರೆ ಟೈಲರಕ್ಕನ ಮನೆಯ ಹಿಂಬಾಗಿಲು ಯಾಕೆ ಹಾಕಿಕೊಳ್ಳುತ್ತಿಲ್ಲ? ಮೇಜಿನ ಮೇಲಿಟ್ಟ ದಾರದ ಉಂಡೆ ಯಾಕೆ ತಾನಾಗಿ ಉರುಳಿ ಹಿಂದಿನ ಗೋಡೆಗೆ ಹೋಗಿ ನಿಲ್ಲುತ್ತದೆ? ಗಾಜು ಒಂದು ಹೇಳುತ್ತಿತ್ತು, ಬಾಗಿಲು ಇನ್ನೊಂದು. ಸರಪಳಿಯಮ್ಮ ಬಾಗಿಲನ್ನು ನಂಬಿ, ಅಂದು ಬೆಳಿಗ್ಗೆ ಗಾಜಿಗೆ ಉಗುರು ಹಾಕಿದ್ದಳು.

ಅವಳು ಚೀಲದಿಂದ ಭೂತಗನ್ನಡಿ ತೆಗೆದು ಬಿಳಿ ಪದರದ ಮೇಲೆ ಹಿಡಿದಳು. ದಿನಾಂಕ ಅದೇ. ಅದರ ಕೆಳಗೆ ಹೆಬ್ಬೆರಳ ಗುರುತು. ಆ ಗುರುತಿನ ನಡುವೆ ಮೇಲಿಂದ ಕೆಳಗೆ ಒಂದು ಸೀಳು.

ಮೇಸ್ತ್ರಿಯ ಬಲಗೈ ಹೆಬ್ಬೆರಳ ಮೇಲೆ ಚಿಕ್ಕಂದಿನಲ್ಲಿ ಕಲ್ಲು ಬಿದ್ದು, ಅದು ಎರಡು ಹೋಳಾಗಿ ಕೂಡಿಕೊಂಡಿತ್ತು. ಅಂಥ ಹೆಬ್ಬೆರಳು ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಯಾರೋ ಕಳ್ಳತನದಿಂದ ಗಾಜು ಬದಲಿಸಿದ್ದಾರೆ ಎಂದು ಐದು ನಿಮಿಷದ ಹಿಂದೆ ಅವಳ ಎದೆ ಹಗುರಾಗಿತ್ತು. ಈಗ ಅದು ಕಲ್ಲಿನಷ್ಟು ಭಾರವಾಯಿತು. ಬದಲಿಸಿದವನು ಮೇಸ್ತ್ರಿಯೇ.

"ಟೈಲರಕ್ಕ, ನಿಮ್ಮಣ್ಣ ಈ ಗಾಜನ್ನ ಮತ್ತೆ ಮುಟ್ಟಿದ್ನಾ?"

"ಇಲ್ವಲ್ಲ" ಎಂದಳು ಟೈಲರಕ್ಕ, ತಲೆ ಎತ್ತದೆ. ಮಿಷನ್ನು ಓಡುತ್ತಲೇ ಇತ್ತು. ಸರಪಳಿಯಮ್ಮ ತಿರುಗಿ ನೋಡಿದಳು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಅವಳು ಭೂತಗನ್ನಡಿಯನ್ನು ಚೀಲಕ್ಕೆ ಹಾಕಿದಳು. ಗೋಡೆಯ ಮೇಲೆ ಅಂಟಿಸಿದ್ದ ಆಕ್ಷೇಪಣೆ ಅರ್ಜಿಯ ನಕಲನ್ನು ಸುಮ್ಮನೆ ನೋಡುತ್ತಾ ನಿಂತಳು. ಬರೆದವನು ಸರಪಳಿಯಮ್ಮನ ತಮ್ಮ. ನಗರಸಭೆಯ ಟಪಾಲು ವಿಭಾಗದಲ್ಲಿ ಗುಮಾಸ್ತನಾಗಿ ಜೀವ ಸವೆಸಿ, ಈಗ ಅಕ್ಕನ ಮನೆಯಲ್ಲೇ ಇದ್ದ. ಮುತ್ತಿನಂಥ ಅಕ್ಷರ, ದಿನಾಂಕದ ಕೆಳಗೆ ಅಳತೆಪಟ್ಟಿಯಿಂದ ಎಳೆದಂಥ ಎರಡು ಗೆರೆ. ದಿನಾಂಕ ಬರೆದು ಎರಡು ಗೆರೆ ಎಳೆಯದಿದ್ದರೆ ತನಗೆ ಅನ್ನ ಸೇರುವುದಿಲ್ಲ ಎಂದು ಅವನೇ ಹೇಳಿಕೊಂಡು ನಗುತ್ತಿದ್ದ. ಹನ್ನೊಂದು ಮನೆಯ ಸಹಿಗಾಗಿ ಬಾಗಿಲು ಬಾಗಿಲು ಅಲೆದವಳು ಟೈಲರಕ್ಕ. ಮೊದಲ ಸಹಿ ಅವಳದೇ, ಎರಡನೆಯದು ಆ ಸೀಳು ಹೆಬ್ಬೆರಳು.

ಸರಪಳಿಯಮ್ಮ ಮಧ್ಯಾಹ್ನದೊಳಗೆ ಉಳಿದ ಮನೆಗಳನ್ನು ಮುಗಿಸಿದಳು. ಮಂಡಿನೋವು ಅವಳನ್ನು ಎರಡು ಕಡೆ ಕೂರಿಸಿತು. ತಮ್ಮ ಬೆಳಿಗ್ಗೆ ಎಂದೂ ಇಲ್ಲದ ಮುತುವರ್ಜಿಯಿಂದ ಫ್ಲಾಸ್ಕಿನಲ್ಲಿ ಚಹಾ ತುಂಬಿ, ಬ್ರೆಡ್ಡಿಗೆ ಬೆಣ್ಣೆ ಸವರಿ ಕಟ್ಟಿಕೊಟ್ಟು, ಎಷ್ಟು ಗಂಟೆಗೆ ಬರ್ತೀಯ ಅಕ್ಕ ಎಂದು ಎರಡೆರಡು ಸಲ ಕೇಳಿದ್ದ. ಕತ್ತಲಾಗುತ್ತೆ ಎಂದಿದ್ದಳು. ವಯಸ್ಸಾದಂತೆ ಇವನಿಗೆ ಬುದ್ಧಿ ಬರುತ್ತಿದೆ ಎಂದುಕೊಂಡು, ಎಂಟನೆಯ ಮನೆಯ ಜಗಲಿಯಲ್ಲಿ ಕೂತು ಆ ಚಹಾ ಕುಡಿದಳು.

ಒಂದನೆಯ ಮನೆಯಿಂದ ಹತ್ತನೆಯ ಮನೆಯವರೆಗೆ ಎಲ್ಲ ಗಾಜಿಗೂ ಅದೇ ರೋಗ. ಬಿಳಿ ಪದರ, ಕೆಳಗೆ ಮೆತ್ತನೆಯ ಗಮ್ಮು, ಮೇಲೆ ಸೀಳು ಹೆಬ್ಬೆರಳು. ಗೋಡೆ ಎಷ್ಟು ಬೇಕಾದರೂ ಸರಿಯಲಿ, ಗಮ್ಮು ಹಿಗ್ಗುತ್ತದೆ, ಗಾಜು ಒಡೆಯುವುದಿಲ್ಲ. ಇಂಜಿನಿಯರ್ ಫೋಟೋ ತೆಗೆದದ್ದು ಇದನ್ನೇ.

ಹನ್ನೊಂದನೆಯದು ಅವಳ ಸ್ವಂತ ಮನೆ. ಬೀದಿಯ ಕೊನೆಯದು. ಗಾಜು ಇದ್ದದ್ದು ತಮ್ಮನ ಕೋಣೆಯ ಹಿಂದಿನ ಗೋಡೆಯಲ್ಲಿ. ಹೋದ ಭಾನುವಾರ ಅವಳೇ ಬೆರಳಲ್ಲಿ ಬಡಿದು ನೋಡಿದ್ದಳು, ಸಿಮೆಂಟು ಕಲ್ಲಿನಂತಿತ್ತು. ಅದೊಂದರ ಚಿಂತೆ ಇರಲಿಲ್ಲ.

ಗಾಜಿನಂಗಡಿ ಬೀದಿಯ ತುದಿಯಲ್ಲೇ. ಅಂಗಡಿಯವನು ನಿವಾಸಿಗಳ ಸಂಘಕ್ಕೂ ಅಧ್ಯಕ್ಷ, ಹೋಟೆಲಿನ ಹೊಸ ಕಟ್ಟಡದ ನಾನೂರು ಕಿಟಕಿಗಳ ಆರ್ಡರು ಹಿಡಿದವನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ಬೀದಿಯವರು ಅವನ ಬೆನ್ನ ಹಿಂದೆ ಹೇಳುತ್ತಿದ್ದರು, ಎದುರಿಗೆ ಅಧ್ಯಕ್ಷರೇ ಎನ್ನುತ್ತಿದ್ದರು.

ಸರಪಳಿಯಮ್ಮ ಗಮ್ಮಿನ ಚೂರನ್ನು ಅವನ ಮೇಜಿನ ಮೇಲಿಟ್ಟು ಇದೇನು ಎಂದಳು. ಕೊಲೆ ಎಂಬ ಮಾತನ್ನು ಅವಳು ಎತ್ತಿರಲೇ ಇಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನ ಹಾಗೆ, ಆ ದಿನ ತಾನು ಊರಲ್ಲೇ ಇರಲಿಲ್ಲ ಎಂದು ಅವನು ಬಸ್ಸಿನ ಟಿಕೇಟು ಹುಡುಕತೊಡಗಿದ. ಟಿಕೇಟು ಸಿಕ್ಕಿತು. ನಿಜವಾಗಿಯೂ ಅವನು ಊರಲ್ಲಿರಲಿಲ್ಲ. ಆಮೇಲೆ ಸ್ವಲ್ಪ ಧೈರ್ಯ ಬಂದು ಬಾಯಿಬಿಟ್ಟ. ಅದು ಮೀನಿನ ತೊಟ್ಟಿಯ ಗಾಜು ಅಂಟಿಸುವ ಗಮ್ಮು. ತಿಂಗಳ ಹಿಂದೆ ಮೇಸ್ತ್ರಿ ಬಂದು ಮೂರು ಟ್ಯೂಬು ಒಯ್ದಿದ್ದ, ಜೊತೆಗೆ ಒಂದೇ ಅಳತೆಯ ಹತ್ತು ಗಾಜಿನ ಪಟ್ಟಿ. ಯಾಕೆ ಎಂದದ್ದಕ್ಕೆ ಮೀನು ಸಾಕುತ್ತೇನೆ ಎಂದಿದ್ದನಂತೆ.

"ಒಂದು ಗೇಣಿನ ಪಟ್ಟಿಯಲ್ಲಿ ಯಾವ ಮೀನು ಸಾಕ್ತಾನೆ?" ಎಂದಳು ಸರಪಳಿಯಮ್ಮ.

ಅವನು ತಲೆ ಕೆರೆದುಕೊಂಡ. ತನಗೂ ಅನುಮಾನ ಬಂದಿತ್ತು, ಆದರೆ ಗಿರಾಕಿಯನ್ನು ಕೆದಕುವುದು ವ್ಯಾಪಾರವಲ್ಲ ಎಂದ. ಗಮ್ಮನ್ನು ಹೊಸದಾಗಿ ಹಚ್ಚಿದಾಗ ವಿನೆಗರ್ ಥರ ಘಾಟು ಬರುತ್ತದೆ, ಒಂದು ದಿನ ಕಳೆದರೆ ಹೋಗುತ್ತದೆ ಎಂದು ಕೇಳದಿದ್ದರೂ ಹೇಳಿದ. ಬಾಯಿ ತೆರೆದ ಮೇಲೆ ಮುಚ್ಚುವ ಅಭ್ಯಾಸ ಅವನಿಗಿರಲಿಲ್ಲ.

ಗಾಜಿನ ಅಳತೆಗೆ ಮೇಸ್ತ್ರಿ ಏನು ತಂದಿದ್ದ ಎಂದು ಅವಳು ಕೇಳಿದಳು. ಅಂಗಡಿಯವನು ಗಿರಾಕಿಗಳ ಅಳತೆಗಳನ್ನು ಗೋಡೆಯ ಮೊಳೆಗಳಿಗೆ ಸಿಕ್ಕಿಸಿಡುತ್ತಿದ್ದ. ಕಾಗದ, ಕಡ್ಡಿ, ಸಿಗರೇಟು ಡಬ್ಬಿಯ ರಟ್ಟು, ಎಲ್ಲ ಇತ್ತು. ಅವುಗಳ ನಡುವಿನಿಂದ ಒಂದು ಬಟ್ಟೆಯ ಪಟ್ಟಿ ಎಳೆದುಕೊಟ್ಟ. ನೀಲಿ ಅಸ್ತರಿನ ಬಟ್ಟೆ, ಒಂದು ಗೇಣು ಉದ್ದ. ಅದರ ಅಂಚು ಗರಗಸದ ಹಲ್ಲಿನಂತೆ ಕತ್ತರಿಸಿತ್ತು.

ಗಾರೆ ಕೆಲಸದವನ ಹತ್ತಿರ ಅಂಥ ಕತ್ತರಿ ಇರುವುದಿಲ್ಲ. ಬಟ್ಟೆಯ ಎಳೆ ಬಿಚ್ಚಿಕೊಳ್ಳದಿರಲಿ ಎಂದು ಹಲ್ಲುಹಲ್ಲಾಗಿ ಕತ್ತರಿಸುವ ಆ ಕತ್ತರಿ ಬೀದಿಯಲ್ಲಿ ಒಂದೇ ಒಂದು. ಬೆಳಿಗ್ಗೆ ಅದು ಬಟ್ಟೆಯಿಲ್ಲದೆ ಓಡುತ್ತಿದ್ದ ಮಿಷನ್ನಿನ ಪಕ್ಕದಲ್ಲೇ ಬಿದ್ದಿತ್ತು.

ಸರಪಳಿಯಮ್ಮ ಬಟ್ಟೆಯ ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ನಿಧಾನವಾಗಿ ಹಿಂದಕ್ಕೆ ನಡೆದಳು. ಬೇಗ ನಡೆಯಲು ಮನಸ್ಸಿರಲಿಲ್ಲ.

ಟೈಲರಕ್ಕ ಪಟ್ಟಿಯನ್ನು ನೋಡಿದಳು. ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಬಾಗಿಲು ಹಾಕಲು ಎದ್ದಳು. ಹಾಕಿಕೊಳ್ಳದ ಬಾಗಿಲು ಎಂದು ನೆನಪಾಗಿ ಮತ್ತೆ ಕೂತಳು.

"ಹೊಟ್ಟೆನೋವು ಅಂತ ಡಾಕ್ಟರ ಹತ್ತಿರ ಬಂದು ತಿಂದಿದ್ದನ್ನೇ ಮುಚ್ಚಿಟ್ರೆ ಅವರು ಏನು ಔಷಧಿ ಕೊಡ್ಬೇಕು?" ಎಂದಳು ಸರಪಳಿಯಮ್ಮ. "ಎಂಟು ದಿನ ನನ್ನನ್ನ ಊರೆಲ್ಲ ಸುತ್ತಿಸಿದೆ."

"ಹೇಳಿದ್ರೆ ನೀವು ಗಾಜಿನ ಹಿಂದೆ ಹೋಗ್ತೀರಿ, ಅಣ್ಣನ್ನ ಕೊಂದೋನ ಹಿಂದೆ ಹೋಗಲ್ಲ ಅಂದ್ಕೊಂಡೆ."

"ಎರಡೂ ಒಂದೇ ದಾರಿ ಕಣೆ."

ಆಮೇಲೆ ಟೈಲರಕ್ಕ ಎಲ್ಲ ಹೇಳಿದಳು. ಅಳಲಿಲ್ಲ. ಅಳತೆ ಹೇಳುವವರ ಹಾಗೆ ಒಂದಾದ ಮೇಲೊಂದು ಹೇಳಿದಳು.

ಗಾಜುಗಳು ಒಡೆದಿದ್ದವು. ಎರಡು ತಿಂಗಳಲ್ಲಿ ಒಂದು, ಆಮೇಲೆ ವಾರಕ್ಕೆರಡು, ಕೊನೆಗೆ ಹತ್ತಕ್ಕೆ ಹತ್ತೂ. ಮೊದಲನೆಯದು ಒಡೆದ ದಿನ ಅಣ್ಣತಂಗಿ ಇಬ್ಬರೂ ಗೆದ್ದೆವು ಎಂದು ಕುಣಿದಿದ್ದರು. ಮಾರನೆಯ ದಿನ ಇಂಜಿನಿಯರ್ ಬಂದು, ಇದೇ ಕುರ್ಚಿಯಲ್ಲಿ ಕೂತು, ಬಹಳ ಮರ್ಯಾದೆಯಿಂದ ಒಂದು ಮಾತು ಹೇಳಿದ. ಗಾಜು ಒಡೆದರೆ ಗೋಡೆ ಸರಿದಿದೆ ಎಂದು ಅರ್ಥ. ಗೋಡೆ ಸರಿದ ಮನೆ ಅಪಾಯದ ಕಟ್ಟಡ. ಅಪಾಯದ ಕಟ್ಟಡಕ್ಕೆ ನಗರಸಭೆ ಅಂದೇ ನೋಟಿಸು ಅಂಟಿಸಿ, ವಿದ್ಯುತ್ತು ಕಿತ್ತು, ಬೀಗ ಹಾಕಬೇಕು. ಹಳ್ಳ ನಿಲ್ಲುತ್ತದೋ ಇಲ್ಲವೋ, ಅದು ಆಮೇಲಿನ ಮಾತು. ನೀವು ಮಾತ್ರ ಅಂದೇ ಬೀದಿಗೆ. ಯೋಚನೆ ಮಾಡಿ ಅಕ್ಕ ಎಂದು ನಕ್ಕು, ನೀರು ಕೇಳಿ ಕುಡಿದು ಹೋದ.

"ಹತ್ತು ಮನೆ ಅಮ್ಮಾ" ಎಂದಳು ಟೈಲರಕ್ಕ. "ಒಂದೊಂದು ಬಾಗಿಲಿಗೂ ನಾನೇ ಹೋಗಿ, ನಮ್ಮ ಮನೆ ಉಳಿಸ್ಕೊಳ್ಳೋಣ ಅಂತ ಸಹಿ ಹಾಕಿಸಿದ್ದೀನಿ. ಅದೇ ಬಾಗಿಲಿಗೆ ನಾನೇ ಬೀಗ ಹಾಕಿಸ್ಲಾ? ನಾಲ್ಕನೇ ಮನೇಲಿ ಬಾಣಂತಿ ಇದ್ದಾಳೆ. ನಂದು ಬಿಡಿ, ಮಿಷನ್ ತಲೆ ಮೇಲೆ ಹೊತ್ಕೊಂಡು ಹೋದೇನು. ಅವರೆಲ್ಲ ಎಲ್ಲಿಗೆ ಹೋಗ್ತಾರೆ?"

"ಗೋಡೆ ಬಿದ್ರೆ ಎಲ್ಲಿಗೆ ಹೋಗ್ತಾರೆ?"

ಅತ್ತ ದರಿ, ಇತ್ತ ಪುಲಿ. ಗಾಜು ಒಡೆದಿಲ್ಲ ಎಂದರೆ ಹೋಟೆಲ್ ಏರುತ್ತದೆ, ಒಡೆದಿದೆ ಎಂದರೆ ಬೀದಿ ಖಾಲಿಯಾಗುತ್ತದೆ. ಖಾಲಿಯಾದ ಬೀದಿಗೆ ಆಕ್ಷೇಪಣೆ ಹೇಳುವವರಾದರೂ ಯಾರು? ಎರಡು ದಾರಿಯೂ ಹೋಟೆಲಿನ ಬಾಗಿಲಿಗೇ ಹೋಗಿ ನಿಲ್ಲುತ್ತಿದ್ದವು. ಮೂವತ್ತು ವರ್ಷ ನಕ್ಷೆ ಬರೆದ ಸರಪಳಿಯಮ್ಮನಿಗೆ ಇಂಥ ನಕ್ಷೆ ಎಂದೂ ಕಂಡಿರಲಿಲ್ಲ.

ಅಣ್ಣ ಒಪ್ಪಿರಲಿಲ್ಲವಂತೆ. ನಲವತ್ತು ವರ್ಷದಲ್ಲಿ ಒಂದು ಗೋಡೆಗೂ ಸುಳ್ಳು ಹೇಳಿಸಿಲ್ಲ ಎಂದಿದ್ದನಂತೆ. ತಂಗಿ ಅವನ ಕಾಲು ಹಿಡಿದಳು. ಒಡೆದ ಗಾಜು ತೋರಿಸಿದ್ದ ಮನೆಗಳವರಿಗೆ, ಗಾಜು ತೆಳುವಾಗಿತ್ತು, ದಪ್ಪನೆಯದು ಹಾಕುತ್ತೇನೆ, ಹೊರಗೆ ಬಾಯಿಬಿಡಬೇಡಿ ಎಂದು ಹೇಳಿ ಅವನು ಹತ್ತನ್ನೂ ಬದಲಿಸಿದ. ಗಮ್ಮಿನ ಮೇಲೆ ಬಿಳಿ ಸಿಮೆಂಟು ಸವರಿ, ಹಳೆಯ ದಿನಾಂಕ ಕೊರೆದು, ಹೆಬ್ಬೆರಳು ಒತ್ತಿದ. ಅಂದಿನಿಂದ ಅವನು ಸರಿಯಾಗಿ ಊಟ ಮಾಡಲಿಲ್ಲ ಎಂದಳು ಟೈಲರಕ್ಕ. ಹೆಬ್ಬೆರಳನ್ನು ನೋಡಿಕೊಳ್ಳುತ್ತಾ ಕೂತುಬಿಡುತ್ತಿದ್ದ.

"ನಮ್ಮನೆಗೆ ಯಾಕೆ ಬರ್ಲಿಲ್ಲ?"

"ನಿಮ್ಮನೇದು ಒಡೆದೇ ಇರ್ಲಿಲ್ಲ, ಕೊನೇ ಮನೆ ಅಲ್ವಾ. ಅಲ್ದೆ ನೀವು ಕಂಡುಹಿಡಿದುಬಿಡ್ತೀರಿ ಅಂದ ಅಣ್ಣ. ಆ ಹೆಂಗಸು ಗೋಡೆ ಮೂಸಿ ವಯಸ್ಸು ಹೇಳ್ತಾಳೆ ಅಂತಿದ್ದ." ಅವಳ ತುಟಿಯಲ್ಲಿ ಒಂದು ನಗು ಬಂದು, ದಾರಿ ತಪ್ಪಿದ್ದು ಗೊತ್ತಾಗಿ ಹೋಯಿತು.

ಅವಳು ಮಿಷನ್ನಿನ ಕೆಳಗಿನಿಂದ ಒಂದು ಗೋಣಿಚೀಲ ಎಳೆದಳು. ಪೊಲೀಸರು ಹಳ್ಳದಲ್ಲೆಲ್ಲ ಹುಡುಕಿದ್ದ ಮೇಸ್ತ್ರಿಯ ಹತಾರದ ಚೀಲ ಅದು. ಕರಣಿಯ ಕೆಳಗೆ, ಬಟ್ಟೆಯ ಚೂರುಗಳಲ್ಲಿ ಸುತ್ತಿದ ಹತ್ತು ಗಂಟು. ಒಂದೊಂದರ ಮೇಲೂ ಟೈಲರು ಸೀಮೆಸುಣ್ಣದಲ್ಲಿ ಬರೆದ ಮನೆಯ ನಂಬರು. ಸರಪಳಿಯಮ್ಮ ಮೂರನೆಯದನ್ನು ಬಿಚ್ಚಿದಳು. ನಡುವೆ ಎರಡು ಹೋಳಾದ ಗಾಜು, ತುದಿಗಳಲ್ಲಿ ಇನ್ನೂ ಕಚ್ಚಿಕೊಂಡಿದ್ದ ಗಟ್ಟಿ ಸಿಮೆಂಟು, ಅದರ ಮೇಲೆ ಸೀಳು ಹೆಬ್ಬೆರಳು. ಎಸೆಯಲು ಅವನಿಗೆ ಮನಸ್ಸು ಬಂದಿರಲಿಲ್ಲ.

ಸತ್ತ ಸಂಜೆ ಈ ಚೀಲವನ್ನು ಇಲ್ಲಿಟ್ಟು ಹೋಗಿದ್ದನಂತೆ.

"ಏನಂತ ಹೇಳಿ ಹೋದ? ಅವನು ಅಂದಿದ್ದನ್ನೇ ಹೇಳು, ಒಂದು ಮಾತೂ ಬಿಡ್ಬೇಡ."

ಟೈಲರಕ್ಕ ಕಣ್ಣು ಮುಚ್ಚಿಕೊಂಡಳು. "ವಿಚಾರಣೇಲಿ ನಿಜ ಹೇಳಿಬಿಡ್ತೀನಿ ತಂಗಿ, ಇನ್ನು ತಡ್ಕೊಳ್ಳಕ್ಕೆ ಆಗಲ್ಲ ಅಂದ. ಜನರನ್ನ ಹೊರಗೆ ಹಾಕದೆ ಹಳ್ಳ ನಿಲ್ಲಿಸೋ ದಾರಿ ಇದೆಯಾ ಅಂತ, ಕಾನೂನು ತಿಳಿದೋರನ್ನ ಕೇಳ್ಕೊಂಡು ಬರ್ತೀನಿ ಅಂದ. ಅಷ್ಟೇ. ಕಿವಿ ಮೇಲೆ ಮೊಳೆ ಸಿಕ್ಕಿಸ್ಕೊಂಡು ಹೋದ."

ಆ ಮೊಳೆ ಹೆಣದ ಮೇಲೆ ಸಿಕ್ಕಿರಲಿಲ್ಲ. ಪೊಲೀಸರ ಪಟ್ಟಿಯಲ್ಲಿ ಕನ್ನಡಕವಿತ್ತು, ತೂಗುಗುಂಡಿತ್ತು, ಬೀಡಿಯ ಕಟ್ಟಿತ್ತು. ಮೊಳೆ ಇರಲಿಲ್ಲ. ಬೆರಳುದ್ದದ ಆ ಕಬ್ಬಿಣದ ಮೊಳೆಯಿಂದಲೇ ಅವನು ಎಲ್ಲ ದಿನಾಂಕ ಕೊರೆಯುತ್ತಿದ್ದದ್ದು. ಎಲ್ಲೆಂದರಲ್ಲಿ ಬಿಟ್ಟು ಬರುತ್ತಾನೆಂದು ತಂಗಿ ಅದರ ತಲೆಗೆ ಕೆಂಪು ದಾರ ಸುತ್ತಿ ಗಂಟು ಹಾಕಿಕೊಟ್ಟಿದ್ದಳು. ಮೊಳೆ ಎಲ್ಲಿದೆಯೋ ಕೊಂದವನು ಅಲ್ಲಿದ್ದಾನೆ ಎಂದು ಸರಪಳಿಯಮ್ಮ ಮೊದಲ ದಿನವೇ ಅಂದುಕೊಂಡಿದ್ದಳು.

ಕಾನೂನು ತಿಳಿದವರು ಎಂದರೆ, ನೋಟಿಸು, ಬೀಗದ ಲೆಕ್ಕ ಹೇಳಿ ಹೋಗಿದ್ದ ಇಂಜಿನಿಯರ್. ಇಬ್ಬರಿಗೂ ಅದೇ ಹೊಳೆಯಿತು, ಇಬ್ಬರೂ ಹೋಟೆಲಿನ ಕಡೆ ನೋಡಿದರು. ಹಿಂಬಾಗಿಲ ಸಂದಿನಿಂದ ಹಳ್ಳದ ತಗಡಿನ ಬೇಲಿ ಕಾಣುತ್ತಿತ್ತು.

"ಈ ಚೀಲ ಹೊರಗೆ ತಂದ್ರೆ ಅವನನ್ನ ಹಿಡೀಬಹುದು" ಎಂದಳು ಸರಪಳಿಯಮ್ಮ. "ಬೀದೀನೂ ಹೋಗುತ್ತೆ."

"ಅದಕ್ಕೇ ಎಂಟು ದಿನದಿಂದ ಇದರ ಮೇಲೆ ಕಾಲಿಟ್ಕೊಂಡು ಹೊಲೀತಿದ್ದೀನಿ."

ದಾರದ ಉಂಡೆ ಮೇಜಿನಿಂದ ಉರುಳಿ, ನೆಲದ ಮೇಲೆ ಹಾದು, ಹಿಂದಿನ ಗೋಡೆಗೆ ಹೋಗಿ ನಿಂತಿತು. ಇಬ್ಬರೂ ಅದನ್ನು ಎತ್ತಲಿಲ್ಲ. ಸತ್ತವನಿಗೆ ನ್ಯಾಯ ಕೊಡಿಸಿದರೆ ಬದುಕಿದ್ದವರಿಗೆ ನೆಲೆಯಿಲ್ಲ. ಈ ಕೆಲಸವನ್ನು ಯಾಕಾದರೂ ಒಪ್ಪಿಕೊಂಡೆನೋ ಎಂದು ಸರಪಳಿಯಮ್ಮ ಮನಸ್ಸಿನಲ್ಲೇ ತನ್ನನ್ನು ಬೈದುಕೊಂಡಳು.

ಆಗಲೇ ಅವಳಿಗೆ ತನ್ನ ಮನೆಯ ಗಾಜು ನೆನಪಾದದ್ದು. ಬೀದಿಯಲ್ಲಿ ಉಳಿದ ಒಂದೇ ಒಂದು ಸತ್ಯವಂತ ಗಾಜು.

ಅದು ಒಡೆದಿದ್ದರೆ?

ಹತ್ತು ಗಾಜು ಒಡೆದ ಮೇಲೆ ಹನ್ನೊಂದನೆಯದು ಎಷ್ಟು ದಿನ ತಡೆದೀತು? ಭಾನುವಾರದಿಂದ ಇಂದಿಗೆ ನಾಲ್ಕು ದಿನ. ಅದೊಂದು ಒಡೆದರೆ ಸಾಕು. ಬೇರೆ ಯಾರ ಗೋಡೆಯನ್ನೂ ಮುಟ್ಟದೆ, ತನ್ನ ಗಾಜನ್ನು ವಿಚಾರಣೆಯ ಮೇಜಿನ ಮೇಲಿಡಬಹುದು. ಒಂದು ಮನೆ ಸರಿದರೂ ಹಳ್ಳ ನಿಲ್ಲಬೇಕು. ಬೀಗ ಬಿದ್ದರೆ ತನ್ನ ಒಂದೇ ಬಾಗಿಲಿಗೆ ಬೀಳುತ್ತದೆ. ಹಳ್ಳ ನಿಂತರೆ, ಉಳಿದ ಹತ್ತು ಗೋಡೆಗಳಿಗೆ ಆನಿಕೆ ಕೊಡಲು ಬೀದಿಯವರಿಗೆ ನಾಲ್ಕು ದಿನವಾದರೂ ಸಿಗುತ್ತದೆ.

ಅವಳು ಇದನ್ನು ಹೇಳಿದಾಗ ಟೈಲರಕ್ಕ ಗೋಣಿಚೀಲದ ಬಾಯಿ ಕಟ್ಟಿ ಮತ್ತೆ ಮಿಷನ್ನಿನ ಕೆಳಗೆ ತಳ್ಳಿದಳು.

"ನೀವು, ನಿಮ್ಮ ತಮ್ಮ ಎಲ್ಲಿಗೆ ಹೋಗ್ತೀರಿ?"

"ಎಲ್ಲಾದ್ರೂ ಒಂದು ಕೋಣೆ ಸಿಗುತ್ತೆ. ಅವನು ಒಂದು ಪುಸ್ತಕ, ಒಂದು ಪೆನ್ನು ಇದ್ರೆ ಬದುಕ್ತಾನೆ. ಹಳ್ಳ ನಿಂತ ಮೇಲೆ ಈ ಚೀಲ ತೆಗೀತೀನಿ. ನಿಮ್ಮಣ್ಣನ್ನ ಕೊಂದೋನು ಯಾರೇ ಆಗಿರ್ಲಿ, ಎಷ್ಟೇ ದೊಡ್ಡೋನಾಗಿರ್ಲಿ, ನಾನು ಬಿಡಲ್ಲ."

"ಕೈ ಮೇಲೆ ಕೈ ಇಟ್ಟು ಹೇಳಿ" ಎಂದಳು ಟೈಲರಕ್ಕ.

ಸರಪಳಿಯಮ್ಮ ಅವಳ ಅಂಗೈ ಮೇಲೆ ಅಂಗೈ ಇಟ್ಟು ಮಾತು ಕೊಟ್ಟಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ ಕೈ ಅದು. ಬಿಡುವಾಗ ಆ ಕೈ ಒಂದು ಕ್ಷಣ ತಡೆದು ಬಿಟ್ಟಿತು.

ಐದು ಗಂಟೆಯ ಬಿಸಿಲು ಬೀದಿಯ ಒಂದು ಬದಿಗೆ ಮಾತ್ರ ಬೀಳುತ್ತಿತ್ತು. ಇನ್ನೊಂದು ಬದಿಯನ್ನು ಹೋಟೆಲಿನ ನೆರಳು ಆಗಲೇ ತಿಂದ ಹಾಗಿತ್ತು. ಮಂಡಿ ಕಿತ್ತುಬರುತ್ತಿದ್ದರೂ ಅವಳು ಬೇಗ ಬೇಗ ನಡೆದಳು. ಒಡೆದಿರಲಿ, ಒಡೆದಿರಲಿ ಎಂದು ಹೆಜ್ಜೆಗೊಂದು ಸಲ ಬೇಡಿಕೊಂಡಳು. ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆಗೆ ಹೀಗೆ ಬಿರುಕು ಬೇಡಿಕೊಂಡ ಹೆಂಗಸು ಲೋಕದಲ್ಲಿ ತಾನೊಬ್ಬಳೇ ಇರಬೇಕು ಅನ್ನಿಸಿತು.

ಮನೆಯಲ್ಲಿ ಸದ್ದಿರಲಿಲ್ಲ. ಹಿತ್ತಲಿನಲ್ಲಿ ನೀರು ಬೀಳುವ ಶಬ್ದ ಮಾತ್ರ ಕೇಳುತ್ತಿತ್ತು. ಅವಳು ಚಪ್ಪಲಿ ಬಿಟ್ಟು ನೇರವಾಗಿ ತಮ್ಮನ ಕೋಣೆಗೆ ಹೋಗಿ ದೀಪ ಹಾಕಿದಳು.

ಗಾಜು ಒಡೆದಿರಲಿಲ್ಲ.

ಇಡಿಯಾಗಿ, ಹೊಳೆಯುತ್ತಾ, ಬಿರುಕಿನ ಮೇಲೆ ಅಡ್ಡಲಾಗಿ ಕೂತಿತ್ತು. ಅವಳು ತಮ್ಮನ ಮಂಚದ ತುದಿಯಲ್ಲಿ ಕುಸಿದಳು. ಕಣ್ಣಲ್ಲಿ ನೀರು ಬಂತು. ಹತ್ತು ಮನೆಯ ಭಾಗ್ಯ ಕೆಟ್ಟಿತು, ತನ್ನೊಬ್ಬಳ ಗೋಡೆ ಮಾತ್ರ ಗಟ್ಟಿ. ಇಂಥ ಅದೃಷ್ಟಕ್ಕೆ ಬೆಂಕಿ ಬೀಳಲಿ ಎಂದುಕೊಂಡಳು.

ಕಣ್ಣೊರೆಸಿಕೊಂಡು ಮೂಗೆಳೆದಾಗ ಅವಳಿಗೆ ಆ ಘಾಟು ತಾಗಿತು. ಹುಳಿ ಹುಳಿಯಾದ ಘಾಟು. ಕಿಟಕಿಯನ್ನು ಅಗಲವಾಗಿ ತೆರೆದಿಟ್ಟಿದ್ದರೂ ಹೋಗಿರಲಿಲ್ಲ.

ಒಂದು ದಿನ ಇರುತ್ತದೆ ಎಂದಿದ್ದ ಗಾಜಿನಂಗಡಿಯವನು. ಮೇಸ್ತ್ರಿ ಸತ್ತು ಎಂಟು ದಿನ.

ಅವಳು ಎದ್ದು ಗೋಡೆಯ ಹತ್ತಿರ ಹೋದಳು. ಹೆಬ್ಬೆರಳು ಒತ್ತಬೇಕಾಗಲೇ ಇಲ್ಲ. ಮುಟ್ಟಿದ್ದಕ್ಕೇ ಬೆರಳಿಗೆ ಅಂಟಿತು. ಬಿರುಕು ಭಾನುವಾರ ಇದ್ದದ್ದಕ್ಕಿಂತ ಅಗಲವಾಗಿತ್ತು. ಹೊಸ ಬಿಳಿ ಪದರ ಇನ್ನೂ ತೇವವಾಗಿತ್ತು. ಅದರ ಮೇಲೆ ಹಳೆಯ ದಿನಾಂಕವನ್ನು ಕೊರೆದಿತ್ತು. ಹೆಬ್ಬೆರಳ ಗುರುತು ಇರಲಿಲ್ಲ. ಗುರುತು ಇರಬೇಕಾದ ಜಾಗದಲ್ಲಿ, ದಿನಾಂಕದ ಕೆಳಗೆ, ಅಳತೆಪಟ್ಟಿಯಿಂದ ಎಳೆದಂಥ ಎರಡು ಗೆರೆ.

ಹಿತ್ತಲಿನ ನೀರು ನಿಂತಿತು.

"ಅಕ್ಕಾ, ಬಂದ್ಯಾ? ಕತ್ತಲಾಗುತ್ತೆ ಅಂದಿದ್ದೆ."

ತಮ್ಮ ಬಾಗಿಲಲ್ಲಿ ನಿಂತಿದ್ದ. ಅದೇ ಸಾಧು ಮುಖ, ಹೆಗಲ ಮೇಲೆ ಒದ್ದೆ ಟವಲು. ಉಗುರಿನ ಸಂದಿಯಲ್ಲಿ ಕೂತ ಬಿಳಿಯ ಅಂಟನ್ನು ಕೆರೆದು ತೆಗೆಯುತ್ತಿದ್ದ. ಅವಳು ದೀಪದ ಕೆಳಗೆ ನಿಂತದ್ದನ್ನೂ ಅವಳ ಹಿಂದಿದ್ದ ಗೋಡೆಯನ್ನೂ ನೋಡಿದ. ಕೆರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

"ಯಾಕೆ ಅಳ್ತಿದ್ದೀಯ? ಗಾಜು ಒಡೆದಿಲ್ಲ ಅಲ್ವಾ. ನಮ್ಮನೆಗೇನೂ ಆಗಲ್ಲ ಅಕ್ಕ, ನಾನಿದ್ದೀನಿ. ನಾಳೆ ವಿಚಾರಣೆಗೆ ನಿನ್ನ ಜೊತೆ ನಾನೂ ಬರ್ತೀನಿ."

ಅವಳು ಅವನ ಮುಖ ನೋಡುತ್ತಿರಲಿಲ್ಲ. ಅವನ ಬಲಗೈಯಲ್ಲಿದ್ದದ್ದು ಬೆರಳುದ್ದದ ಒಂದು ಕಬ್ಬಿಣದ ಮೊಳೆ, ಅದರ ತಲೆಗೆ ಸುತ್ತಿ ಗಂಟು ಹಾಕಿದ ಕೆಂಪು ದಾರ. ಆ ಗಂಟು ಹಾಕಿದವಳ ಅಂಗೈ ಮೇಲೆ ಅಂಗೈ ಇಟ್ಟು ಮಾತು ಕೊಟ್ಟು ಬಂದು ಇನ್ನೂ ಕಾಲು ಗಂಟೆಯಾಗಿರಲಿಲ್ಲ.